ಪ್ರತಿಭಾವಂತ ಮಗುವಿಗೆ ಭಾಷೆ ಅಡ್ಡಿಯಾಗದಿರಲಿ: ತಿರುನೆಲ್ಲಿ ಕಲಿಸುವ ಪಾಠ

ಬ್ರಹ್ಮಗಿರಿಯ ತಪ್ಪಲಿನ ತಿರುನೆಲ್ಲಿ ನಮಗೆ ಪುಣ್ಯಕ್ಷೇತ್ರವಾಗಿ ಪರಿಚಿತ. ಬೆಟ್ಟದಾಚೆ ಕೊಡಗು. ಇಲ್ಲಿನ ಅಡಿಯರನ್ನೇ ಕೊಡಗಿನಲ್ಲಿ ಎರವರೆಂದು ಕರೆಯುತ್ತಾರೆ. ಅವರ ಮನೆಮಾತು ರಾವುಳ. ಕಾಟುನಾಯ್ಕರ ಮಾತು ಕನ್ನಡಕ್ಕೆ ಹತ್ತಿರದ್ದು. ಆದರೆ ಈ ಮಕ್ಕಳಿಗೆ ಶಾಲೆಯಲ್ಲಿ ಮೊದಲ ದಿನದಿಂದಲೇ ಮಲಯಾಳದಲ್ಲಿ ಪಾಠ. ಲೆಕ್ಕವನ್ನು ಮನಸ್ಸಿನಲ್ಲೇ ಬಿಡಿಸಬಲ್ಲ ಮಗುವೂ ಪ್ರಶ್ನೆಯ ವಾಕ್ಯ ಅರ್ಥವಾಗದೆ ಸುಮ್ಮನೆ ಕುಳಿತರೆ, ಅದು ಕಲಿಕೆಯಲ್ಲಿ ಹಿಂದುಳಿದಿದೆ ಎಂದು ಭಾವಿಸುವುದು ಸುಲಭ.

ಈ ಅಂತರವನ್ನು ತುಂಬಲು 2017ರಲ್ಲಿ ವಯನಾಡಿನಲ್ಲಿ ‘ಗೋತ್ರಬಂಧು’ ಯೋಜನೆ ಆರಂಭವಾಯಿತು. ಬುಡಕಟ್ಟಿನ ವಿದ್ಯಾವಂತ ಯುವಜನರನ್ನೇ ಪ್ರಾಥಮಿಕ ಶಾಲೆಗಳಲ್ಲಿ ಮಾರ್ಗದರ್ಶಿ ಶಿಕ್ಷಕರನ್ನಾಗಿ ನೇಮಿಸಲಾಯಿತು. ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು ಅದರ ಮುಖ್ಯ ಉದ್ದೇಶ. ಆದರೆ ಮಗುವಿನ ಮಾತು ಬಲ್ಲವರಿಗೆ ಅದರ ಜಾಣ್ಮೆಯೂ ಬೇಗ ಕಾಣುತ್ತದೆ.

ಜಾಣ ಮಕ್ಕಳಿಗೆ ಸಾರ್ವಜನಿಕ ಶಿಕ್ಷಣದಲ್ಲಿರುವ ಎರಡು ಮುಖ್ಯ ಅವಕಾಶಗಳನ್ನು ಪೋಷಕರು ಅರಿತಿರಬೇಕು.

ಮೊದಲನೆಯದು ಜವಾಹರ್ ನವೋದಯ ವಿದ್ಯಾಲಯ. ವಯನಾಡಿನ ವಿದ್ಯಾಲಯ ಲಕ್ಕಿಡಿಯಲ್ಲಿದೆ. ಅದೇ ಜಿಲ್ಲೆಯಲ್ಲಿ 5ನೇ ತರಗತಿ ಓದುತ್ತಿರುವವರು 6ನೇ ತರಗತಿಯ ಪ್ರವೇಶ ಪರೀಕ್ಷೆ ಬರೆಯಬಹುದು. ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ. ಒಟ್ಟು 80 ಪ್ರಶ್ನೆಗಳಲ್ಲಿ ಅರ್ಧದಷ್ಟು ಮಾನಸಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು. ಉಳಿದವು ಗಣಿತ ಮತ್ತು ಭಾಷೆಯವು. ಈ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯುವಂತಿಲ್ಲ.

ಎರಡನೆಯದು 8ನೇ ತರಗತಿಯಲ್ಲಿ ನಡೆಯುವ ರಾಷ್ಟ್ರೀಯ ಆದಾಯ ಹಾಗೂ ಅರ್ಹತಾ ವಿದ್ಯಾರ್ಥಿವೇತನ ಪರೀಕ್ಷೆ, ಅಂದರೆ ಎನ್‌ಎಂಎಂಎಸ್. ಸರಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ, ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳಿಗೆ ಇದು ಮೀಸಲು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಸರಕಾರದ ವಸತಿ ಶಾಲೆಗಳ ವಿದ್ಯಾರ್ಥಿಗಳಿಗೆ ಈ ಸೌಲಭ್ಯವಿಲ್ಲ; ಶಾಲೆ ಬದಲಿಸುವ ಮುನ್ನ ಇದು ನೆನಪಿರಲಿ.

ಕೇರಳದ ಕನ್ನಡ ಮಾಧ್ಯಮದ ಮಕ್ಕಳಿಗೂ ತಿರುನೆಲ್ಲಿಯ ಮಕ್ಕಳ ಕಷ್ಟ ಹೊಸದಲ್ಲ. ಸೂಚನೆಗಳು, ಮಾದರಿ ಪ್ರಶ್ನೆಪತ್ರಿಕೆಗಳು, ತರಬೇತಿ ಎಲ್ಲವೂ ಹೆಚ್ಚಾಗಿ ಬೇರೆ ಭಾಷೆಯಲ್ಲೇ ಸಿಗುತ್ತವೆ. ಆದ್ದರಿಂದ ಅರ್ಜಿ ತುಂಬುವಾಗ ಪರೀಕ್ಷಾ ಮಾಧ್ಯಮದ ಅಂಕಣವನ್ನು ಪೋಷಕರೇ ಓದಿ ನೋಡಬೇಕು. ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಕನ್ನಡದಲ್ಲಿ ಅಭ್ಯಾಸ ಸಾಮಗ್ರಿ ಒದಗಿಸುವಂತೆ ಶಾಲಾ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಹೀಗೆ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ವಯನಾಡಿನ ಪೊಳುದನದ ಶ್ರೀಧನ್ಯಾ ಸುರೇಶ್ 2018ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 410ನೇ ಸ್ಥಾನ ಪಡೆದು, ಕೇರಳದ ಬುಡಕಟ್ಟು ಸಮುದಾಯಗಳಿಂದ ಐಎಎಸ್‌ಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಅಂಥ ಸಾಮರ್ಥ್ಯವುಳ್ಳ ಮಗು ತಿರುನೆಲ್ಲಿಯ ಹಾಡಿಯಲ್ಲಿರಬಹುದು, ನಮ್ಮ ಮನೆಯಲ್ಲೂ ಇರಬಹುದು. 5ನೇ ತರಗತಿಯಲ್ಲಿ ತಪ್ಪಿದ ನವೋದಯದ ಅರ್ಜಿ ಮರುವರ್ಷ ಆ ಮಗುವಿಗೆ ಸಿಗುವುದಿಲ್ಲ.