ಅಂಗಡಿ ಜಗಲಿಯಲ್ಲಿ ಮಲಗಿದವರಿಗೆ ಊಟ ಕೊಟ್ಟಾಯ್ತು, ಮುಂದೆ ಎಂತ ಮಾಡುದು?

ಕುಂದಾಪುರ: ಮಳೆಗಾಲ ಹಿಡಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಪೇಟೆಗಳಲ್ಲಿ ಮನೆಯಿಲ್ಲದವರಿಗೆ ಒಣ ಜಾಗ ಅಂತ ಸಿಗುವುದು ಬಸ್ ನಿಲ್ದಾಣ, ಸೇತುವೆ ಅಡಿ, ಇಲ್ಲವೇ ಅಂಗಡಿ ಜಗಲಿ. ಬೆಳಿಗ್ಗೆ ಶಟರ್ ಎತ್ತುವ ಅಂಗಡಿಯವರೇ ಇವರನ್ನು ಮೊದಲು ಕಾಣುವವರು. ಊಟದ ಪೊಟ್ಟಣ, ಬಟ್ಟೆ, ಹೊದಿಕೆ ಕೊಡುವ ಮನಸ್ಸು ಊರವರಿಗೆ ಇದೆ. ಆದರೆ ಪೊಟ್ಟಣ ಒಂದು ಹೊತ್ತಿನದ್ದು.

ಎಲ್ಲಿಂದ ಬರುತ್ತಾರೆ?

1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಮಾರ್ಗದಲ್ಲಿ ಬಾರ್ಕೂರು, ಕುಂದಾಪುರ, ಬೈಂದೂರು ಮೂರೂ ನಿಲ್ದಾಣಗಳಿವೆ. ಮಾನಸಿಕ ಕಾಯಿಲೆಯಿಂದ ಮನೆ ಬಿಟ್ಟವರು ಸಿಕ್ಕಿದ ರೈಲು ಹತ್ತಿ ಎಲ್ಲೋ ಇಳಿಯುವುದುಂಟು. ಭಾಷೆ ಬಾರದೆ ‘ಹುಚ್ಚ’ ಎನಿಸಿಕೊಂಡವರಿಗೂ ದೂರದ ರಾಜ್ಯದಲ್ಲಿ ಹೆಂಡತಿ, ಮಕ್ಕಳು ಕಾಯುತ್ತಿರಬಹುದು. ಇಂಥವರಿಗೆ ಚಿಕಿತ್ಸೆ ಕೊಟ್ಟು ಮನೆ ಸೇರಿಸಿದ್ದಕ್ಕೇ ಮಹಾರಾಷ್ಟ್ರದ ಶ್ರದ್ಧಾ ಸಂಸ್ಥೆಯ ಡಾ. ಭರತ್ ವಟವಾಣಿ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಕರಾವಳಿಯಲ್ಲಿ ಉಡುಪಿಯ ಸಮಾಜಸೇವಕ ವಿಶು ಶೆಟ್ಟಿ ಅಂಬಲಪಾಡಿ, ಮಂಜೇಶ್ವರದ ಸ್ನೇಹಾಲಯ ಇದೇ ಕೆಲಸದಲ್ಲಿದ್ದಾರೆ.

ಕಾನೂನು ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಅಸ್ವಸ್ಥತೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ಪಡೆಯುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್‌ನಲ್ಲಿ ಇಡುವಂತಿಲ್ಲ. ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕಬೇಕು. ಹಾಗಾಗಿ ಪೊಲೀಸರಿಗೆ ಹೇಳುವುದೆಂದರೆ ಆ ಬಡಪಾಯಿ ಮೇಲೆ ದೂರು ಕೊಟ್ಟಂತೆ ಅಲ್ಲ.

ದುಡ್ಡು ಯಾರದ್ದು?

ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು. ಇದರಡಿ ಕಟ್ಟಡ ತೆರಿಗೆಯ ಮೇಲೆ ಶೇ. 3 ಕರ ಸೇರುತ್ತದೆ. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಅದರಿಂದ. ಅಂಗಡಿ ಕಟ್ಟಡದವರು ತೆರಿಗೆ ರಶೀದಿ ನೋಡಿದರೆ ಈ ಕರ ಕಾಣುತ್ತದೆ. ರಾತ್ರಿ ತಂಗುವ ಆಶ್ರಯ ಕೇಂದ್ರಕ್ಕೆ ಮಾತ್ರ ಸುಪ್ರೀಂ ಕೋರ್ಟ್ ಹಾಕಿದ ಲೆಕ್ಕ 1 ಲಕ್ಷ ನಗರ ಜನಸಂಖ್ಯೆಗೆ ಒಂದು. 2011ರ ಜನಗಣತಿಯಲ್ಲಿ ಕುಂದಾಪುರ ಪುರಸಭೆಯ ಜನಸಂಖ್ಯೆ 30 ಸಾವಿರದ ಆಸುಪಾಸು. ಸಣ್ಣ ಪೇಟೆಗಳಲ್ಲಿ ಅಂಗಡಿ ಜಗಲಿಯೇ ಆಶ್ರಯ ಕೇಂದ್ರ ಆಗುವುದು ಹೀಗೆ.

ಕೊಡುವಾಗ ನೆನಪಿರಲಿ

- ಮದುವೆ, ದೇವಸ್ಥಾನದ ಉಳಿದ ಊಟವಾದರೆ ಎರಡು ಗಂಟೆಯೊಳಗೆ ತಲುಪಿಸಿ. ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ಬೇಗ ಹಳಸುತ್ತದೆ.
- ದಿನಗಟ್ಟಲೆ ಉಪವಾಸ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬೇಡ. ಗಂಜಿ ಸ್ವಲ್ಪ ಸ್ವಲ್ಪ ಕೊಡಿ, ಡಾಕ್ಟರಿಗೆ ತೋರಿಸಿ.
- ಮಳೆಗಾಲದಲ್ಲಿ ಹಳೇ ಸೀರೆಗಿಂತ ಟಾರ್ಪಾಲು ತುಂಡು, ಒಣ ಚಾಪೆ, ಚಪ್ಪಲಿ, ಸೋಪು ಉಪಕಾರ.
- ಪೊಟ್ಟಣ ಕೈಯಲ್ಲಿ ಹಿಡಿಸಿ ತೆಗೆದ ಫೋಟೋ ಸ್ಟೇಟಸ್‌ಗೆ ಬೇಡ. ಫೋಟೋ, ಕಂಡ ಜಾಗ, ಹೊತ್ತು ಇವನ್ನು ಠಾಣೆಗೆ ಕೊಡಿ. ಮನೆಯವರನ್ನು ಹುಡುಕಲು ಸಹಾಯ ಆಗುತ್ತದೆ.
- ಭಾಷೆ ತಿಳಿಯದಿದ್ದರೆ ಹೋಟೆಲ್, ಕಟ್ಟಡ ಕೆಲಸಕ್ಕೆ ಬಂದ ಹೊರರಾಜ್ಯದವರಿಂದ ಮಾತಾಡಿಸಿ. ಊರಿನ ಹೆಸರೊಂದು ಸಿಕ್ಕಿದರೂ ಅರ್ಧ ಕೆಲಸ ಆದಂತೆ.

ಯಾರಿಗೆ ಫೋನ್ ಮಾಡಬೇಕು?

ಪೊಲೀಸ್ ನೆರವಿಗೆ 112, ಆಂಬ್ಯುಲೆನ್ಸ್‌ಗೆ 108, ಹಿರಿಯರಿಗಾಗಿ 14567, ಮಕ್ಕಳಾದರೆ 1098. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416. ಈ ನಂಬರುಗಳನ್ನು ಬರೆದು ಕ್ಯಾಶ್ ಕೌಂಟರ್ ಹತ್ತಿರ ಅಂಟಿಸಿಟ್ಟರೆ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಹುಡುಕುವ ತಾಪತ್ರಯ ಇಲ್ಲ.