ಗಿಟಾರ್ ಕಲಿಕೆ: ಮೊದಲ ಮೂರು ತಿಂಗಳು ದಾಟುವುದು ಹೇಗೆ?



ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಮನೆಗಳಲ್ಲಿ ಒಂದು ಗಿಟಾರ್ ಗೋಡೆಯ ಮೊಳೆಗೆ ತೂಗುಬಿದ್ದಿರುತ್ತದೆ. ಹುಟ್ಟುಹಬ್ಬಕ್ಕೋ, ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಬಂದದ್ದಕ್ಕೋ ಮನೆಯವರು ಪ್ರೀತಿಯಿಂದ ಕೊಡಿಸಿದ ವಾದ್ಯ. ಕೆಲವು ವಾರ ಅದು ಸದ್ದು ಮಾಡಿತು. ಆಮೇಲೆ ಧೂಳು ಕೂತಿತು. ಯಾಕೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ನನಗೆ ಸಂಗೀತ ಒಲಿಯಲಿಲ್ಲ."

ಈ ತೀರ್ಮಾನ ಬಹಳ ಸಲ ಅವಸರದ್ದು. ಬೆರಳಿನ ಚರ್ಮ ಗಟ್ಟಿಯಾಗುವ ಮೊದಲೇ, ಕೈ ಹೊಸ ಚಲನೆಗೆ ಒಗ್ಗುವ ಮೊದಲೇ ಪ್ರಯತ್ನ ನಿಂತುಹೋಗಿರುತ್ತದೆ. ಹದಿನಾರನೆಯ ವಯಸ್ಸಿನಲ್ಲಿ "ನನಗೆ ಬಾರದು" ಎಂದು ಒಮ್ಮೆ ನಂಬಿದವರು ನಲವತ್ತರಲ್ಲೂ ಹಾಗೆಯೇ ನಂಬಿಕೊಂಡಿರುವುದನ್ನು ನಾನು ಕಂಡಿದ್ದೇನೆ. ಅದಕ್ಕಾಗಿಯೇ ಮೊದಲ ಮೂರು ತಿಂಗಳಲ್ಲಿ ಏನಾಗುತ್ತದೆ, ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಸೊನೋಮೀಟರಿನ ಅಣ್ಣ

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆ ಸೊನೋಮೀಟರ್ ಗೊತ್ತು: ಮರದ ಪೆಟ್ಟಿಗೆ, ಮೇಲೆ ಬಿಗಿದ ತಂತಿ, ತುದಿಯಲ್ಲಿ ತೂಕ. ಗಿಟಾರ್ ಕೂಡ ಅದೇ ಉಪಕರಣ. ತಂತಿ ಒಂದರ ಬದಲು ಆರು. ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಎರಡು ಪಟ್ಟಾಗುತ್ತದೆ. ಬಿಗಿತ ಹೆಚ್ಚಿದರೆ ಸ್ವರ ಏರುತ್ತದೆ, ತಂತಿ ದಪ್ಪವಾದರೆ ಇಳಿಯುತ್ತದೆ. ಫ್ರಾನ್ಸಿನ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ಈ ನಿಯಮಗಳೇ ನಿಮ್ಮ ಎಡಗೈ ಬೆರಳುಗಳಿಗೂ ಅನ್ವಯ.

ತಂತಿಗಳನ್ನು ಎಣಿಸುವುದು ತೆಳುವಾದದ್ದರಿಂದ. ತೀರ ತೆಳುವಾದದ್ದು ಒಂದನೆಯದು, ತೀರ ದಪ್ಪದ್ದು ಆರನೆಯದು. ಆರರಿಂದ ಒಂದಕ್ಕೆ ಬಂದರೆ ಅವುಗಳ ಹೆಸರು ಇ, ಎ, ಡಿ, ಜಿ, ಬಿ, ಇ. ಆರನೆಯ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಐದನೆಯದು 110 ಸಲ, ಒಂದನೆಯದು ಸುಮಾರು 330 ಸಲ. ತಂತಿ ಒಂದೇ ಆದರೆ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದರ ಕಂಪನ ಕುದುರೆಯ ಮೂಲಕ ಮೇಲಿನ ತೆಳುಹಲಗೆಗೆ ಇಳಿದು, ಹಲಗೆಯೂ ಒಳಗಿನ ಗಾಳಿಯೂ ಕಂಪಿಸಿದಾಗ ನಮಗೆ ತುಂಬುದನಿ ಕೇಳಿಸುತ್ತದೆ. ವೀಣೆಯ ಬುರುಡೆ ಮಾಡುವ ಕೆಲಸವೂ ಇದೇ.

ಕತ್ತಿನ ಮೇಲಿನ ಲೋಹದ ಪಟ್ಟಿಗಳು ಫ್ರೆಟ್‌ಗಳು, ವೀಣೆಯಲ್ಲಾದರೆ ಮೆಟ್ಟಿಲುಗಳು. ತಂತಿಯ ಉದ್ದ 65 ಸೆಂಟಿಮೀಟರ್ ಇದ್ದರೆ ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧದಲ್ಲಿ, ಅಂದರೆ 32.5 ಸೆಂಟಿಮೀಟರಿನಲ್ಲಿ ಇರುತ್ತದೆ. ಅದು ಮೇಲಿನ ಷಡ್ಜ. ಏಳನೆಯ ಫ್ರೆಟ್ ಪಂಚಮ. ಒಂದು ಅಳತೆಪಟ್ಟಿ ತಂದು ನಿಮ್ಮ ಗಿಟಾರನ್ನು ಅಳೆದುನೋಡಿ. ಶುದ್ಧ ಪಂಚಮಕ್ಕೆ ತಂತಿಯ ಮೂರರಲ್ಲಿ ಎರಡು ಭಾಗ ಕಂಪಿಸಬೇಕು. ಗಿಟಾರಿನ ಫ್ರೆಟ್ ಆ ಸ್ಥಾನದಿಂದ ದೂರವಿರುವುದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ.

ನಮ್ಮ ಸರಿಗಮ ಇದರಲ್ಲಿದೆಯೇ?

"ಇದು ಪರದೇಶದ ವಾದ್ಯ, ನಮ್ಮ ಸಂಗೀತಕ್ಕೆ ಹೊಂದೀತೆ?" ಎಂದು ಮನೆಯಲ್ಲಿ ಹಿರಿಯರು ಕೇಳಬಹುದು. ಪಿಟೀಲಿಗೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಇತ್ತು. ಮೈಸೂರಿನ ಟಿ. ಚೌಡಯ್ಯನವರು ಆ ಪಿಟೀಲಿಗೆ ಏಳು ತಂತಿ ಕಟ್ಟಿ ನುಡಿಸಿದರು. ಇಂದು ಪಿಟೀಲಿಲ್ಲದ ಕಛೇರಿಯೇ ಅಪರೂಪ. ಗಿಟಾರನ್ನು ಮಾರ್ಪಡಿಸಿ ಹಿಂದುಸ್ತಾನಿ ರಾಗಗಳನ್ನು ನುಡಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರಾಮಿ ಪ್ರಶಸ್ತಿ ಬಂತು. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನೊಡನೆ ಹಾಡಿದಾಗ ಅವು ಹೊಸ ತಲೆಮಾರಿನ ಕಿವಿಗೂ ಬಿದ್ದವು. ಸುಗಮ ಸಂಗೀತದ ವೇದಿಕೆಯಲ್ಲಂತೂ ಗಿಟಾರ್ ಎಂದೋ ಮನೆಮಗನಾಗಿದೆ.

ಒಂದು ಚಿಕ್ಕ ಪ್ರಯೋಗ ಮಾಡಿ. ಮೂರನೆಯ ತಂತಿಯನ್ನು ಷಡ್ಜವೆಂದು ಇಟ್ಟುಕೊಳ್ಳಿ. ಎಡಗೈ ಮುಟ್ಟಿಸದೆ ಆರನೆಯದರಿಂದ ಒಂದನೆಯದಕ್ಕೆ ತಂತಿಗಳನ್ನು ಮೀಟಿ. ನಿಮಗೆ ಕೇಳುವುದು ದ, ರಿ, ಪ, ಸ, ಗ, ದ. ಇವೆಲ್ಲ ಮೋಹನ ರಾಗದ ಸ್ವರಗಳು, ಹಿಂದುಸ್ತಾನಿಯವರ ಭೂಪ್. ಐದನೆಯ ತಂತಿಯನ್ನು ಷಡ್ಜ ಮಾಡಿಕೊಂಡರೆ ಅವೇ ತಂತಿಗಳಲ್ಲಿ ಮಧ್ಯಮಾವತಿಯ ಸ್ವರಗಳು ಸಿಗುತ್ತವೆ. ಒಂದು ಬೆರಳನ್ನೂ ಒತ್ತುವ ಮೊದಲೇ ನಮಗೆ ಪರಿಚಿತವಾದ ಎರಡು ರಾಗಗಳು ಆ ಪೆಟ್ಟಿಗೆಯಲ್ಲಿವೆ ಎಂದಾಯಿತು.

ಸರಳೆ ವರಸೆಯನ್ನೂ ನುಡಿಸಬಹುದು. ಕರ್ನಾಟಕ ಸಂಗೀತದ ಈ ಮೊದಲ ಪಾಠಗಳನ್ನು ಪುರಂದರದಾಸರ ಹೆಸರಿನಲ್ಲಿ ಹೇಳುತ್ತಾರೆ. ಅವರ ಹುಟ್ಟೂರು ನಮ್ಮ ತೀರ್ಥಹಳ್ಳಿ ಕಡೆಯ ಆರಗ ಎಂಬ ವಾದವೂ ಉಂಟು. ಮಾಯಾಮಾಳವಗೌಳಕ್ಕೆ ಒಂದೇ ತಂತಿಯ ಮೇಲೆ ಬೆರಳಿಡಬೇಕಾದ ಫ್ರೆಟ್‌ಗಳು ಹೀಗೆ: 0, 1, 4, 5, 7, 8, 11, 12. ಸೊನ್ನೆ ಎಂದರೆ ಖಾಲಿ ತಂತಿ. ಶಂಕರಾಭರಣಕ್ಕೆ 0, 2, 4, 5, 7, 9, 11, 12. ಬಾಯಲ್ಲಿ ಸ್ವರ ಹೇಳುತ್ತ, ಕಾಲಲ್ಲಿ ತಾಳ ಹಾಕುತ್ತ ನುಡಿಸಿ. ಕಿವಿ, ಬೆರಳು, ಲಯ ಮೂರೂ ಒಟ್ಟಿಗೆ ಪಳಗುತ್ತವೆ.

ಬೆರಳು ಏಕೆ ನೋಯುತ್ತದೆ?

ತಂತಿ ಉಕ್ಕಿನದು. ಉಕ್ಕಿನ ಬಿಗಿತ ಎಂಥದೆಂದು ಭದ್ರಾವತಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ಊರಿಗೇ ಗುರುತು ಕೊಟ್ಟಿತು. ಉಕ್ಕಿನ ತಂತಿಯ ಗಿಟಾರನ್ನು ಶ್ರುತಿ ಮಾಡಿದಾಗ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮ. ಒಬ್ಬ ವಯಸ್ಕ ಮನುಷ್ಯ ಕುದುರೆಗೆ ಜೋತುಬಿದ್ದ ಹಾಗೆ! ಅಷ್ಟು ಬಿಗಿಯಾದ ಸಣ್ಣ ತಂತಿಯನ್ನು ಮೆತ್ತನೆಯ ಬೆರಳ ತುದಿಯಿಂದ ಒತ್ತಿದರೆ ನೋಯದೆ ಇರುತ್ತದೆಯೇ?

ಈ ನೋವಿಗೆ ಕೊನೆ ಇದೆ. ದಿನಾ ಸ್ವಲ್ಪ ಸ್ವಲ್ಪ ಒತ್ತಡ ಬಿದ್ದರೆ ಚರ್ಮದ ಹೊರಪದರ ದಪ್ಪವಾಗುತ್ತ ಬರುತ್ತದೆ. ನೇಗಿಲು ಹಿಡಿಯುವವರ ಅಂಗೈ ಜಡ್ಡುಗಟ್ಟುವಂತೆಯೇ ಇದು. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ನೋವು ಬಹಳ ಮಟ್ಟಿಗೆ ಇಳಿಯುತ್ತದೆ. ಹತ್ತು ದಿನ ನುಡಿಸಿ ಹದಿನೈದು ದಿನ ಬಿಟ್ಟರೆ ಚರ್ಮ ಮತ್ತೆ ಮೆತ್ತಗಾಗಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ನೋವನ್ನು ಕಡಿಮೆ ಮಾಡುವ ಉಪಾಯಗಳಿವೆ. ಎಡಗೈ ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ಎರಡು ಫ್ರೆಟ್‌ಗಳ ನಡುವೆ ಒತ್ತದೆ, ಮುಂದಿನ ಫ್ರೆಟ್ಟಿಗೆ ಅಂಟಿದಂತೆ ಹಿಂದೆಯೇ ಒತ್ತಿ. ಅಲ್ಲಿ ಕಡಿಮೆ ಬಲ ಸಾಕು, ಗರಗರ ಸದ್ದೂ ಬರುವುದಿಲ್ಲ. ಹೆಬ್ಬೆರಳಿನಿಂದ ಕತ್ತನ್ನು ಹಿಂಡಬೇಡಿ. ಆದರೆ ಒಂದು ಎಚ್ಚರ: ಬೆರಳ ತುದಿಯ ಉರಿ ಸಹಜ, ಮಣಿಕಟ್ಟಿನ ನೋವು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಆಗ ಕೂಡಲೇ ನಿಲ್ಲಿಸಿ, ಕೂರುವ ರೀತಿಯನ್ನು ಸರಿಪಡಿಸಿಕೊಳ್ಳಿ. ಮುಂದುವರಿದರೆ ವೈದ್ಯರಿಗೆ ತೋರಿಸಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಗಿಟಾರಿನ ವಿಷಯದಲ್ಲಿ ಕೆಲವೊಮ್ಮೆ ನೆಲವೇ ಡೊಂಕಾಗಿರುತ್ತದೆ! ಹನ್ನೆರಡನೆಯ ಫ್ರೆಟ್ಟಿನ ಬಳಿ ತಂತಿ ಮೂರು ಮಿಲಿಮೀಟರಿಗಿಂತ ಬಹಳ ಎತ್ತರದಲ್ಲಿದ್ದರೆ ಅನುಭವಿಗಳ ಬೆರಳೂ ದಣಿಯುತ್ತದೆ. ಅಂಥ ವಾದ್ಯವನ್ನು ರಿಪೇರಿ ಮಾಡುವವರಲ್ಲಿ ಕೊಟ್ಟು ತಂತಿ ಇಳಿಸಿಕೊಳ್ಳಿ. ನೈಲಾನ್ ತಂತಿಯ ಗಿಟಾರ್ ಬೆರಳಿಗೆ ಇನ್ನಷ್ಟು ಮೃದು. ಆದರೆ ಅದಕ್ಕೆ ಉಕ್ಕಿನ ತಂತಿ ಎಂದೂ ಹಾಕಬೇಡಿ. ಅದರ ಹಲಗೆ ಅಷ್ಟು ಎಳೆತ ತಾಳುವುದಿಲ್ಲ.

ಮೊದಲು ಶ್ರುತಿ

ಶ್ರುತಿ ತಪ್ಪಿದ ಗಿಟಾರಿನಲ್ಲಿ ಸರಿಯಾಗಿ ನುಡಿಸಿದರೂ ಅಪಸ್ವರವೇ ಬರುತ್ತದೆ. ಕಲಿಯುವವರು ಅದನ್ನು ತಮ್ಮ ತಪ್ಪೆಂದು ತಿಳಿದು ಕುಗ್ಗುತ್ತಾರೆ. ಆದ್ದರಿಂದ ಪ್ರತಿದಿನ ಮೊದಲ ಕೆಲಸ ಶ್ರುತಿ ಸೇರಿಸುವುದು. ಮೊಬೈಲಿನಲ್ಲಿ ಇದಕ್ಕೆ ಉಚಿತ ಟ್ಯೂನರ್‌ಗಳು ಸಿಗುತ್ತವೆ, ಬಳಸಿ. ಆದರೆ ವಾರಕ್ಕೆ ಎರಡು ಸಲವಾದರೂ ಕಿವಿಯಿಂದಲೇ ಪ್ರಯತ್ನಿಸಿ. ಆರನೆಯ ತಂತಿಯ ಐದನೆಯ ಫ್ರೆಟ್ ಒತ್ತಿದರೆ ಬರುವ ಸ್ವರವೇ ಐದನೆಯ ತಂತಿಯ ಖಾಲಿ ಸ್ವರ. ಹೀಗೆಯೇ ಮುಂದುವರಿಯಿರಿ. ಮೂರರಿಂದ ಎರಡಕ್ಕೆ ಹೋಗುವಾಗ ಮಾತ್ರ ಐದರ ಬದಲು ನಾಲ್ಕನೆಯ ಫ್ರೆಟ್.

ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ "ವಾಂವ್... ವಾಂವ್..." ಎಂದು ದನಿ ಏರಿಳಿದರೆ ಅದೇ ನಿಮ್ಮ ಪಠ್ಯದ ಬೀಟ್ಸ್. ಒಂದು 110, ಇನ್ನೊಂದು 112 ಸಲ ಕಂಪಿಸುತ್ತಿದ್ದರೆ ಸೆಕೆಂಡಿಗೆ ಎರಡು ಏರಿಳಿತ ಕೇಳುತ್ತದೆ. ಬಿರಡೆಯನ್ನು ನಿಧಾನವಾಗಿ ತಿರುಗಿಸಿ. ಏರಿಳಿತ ನಿಧಾನವಾಗುತ್ತ ಬಂದು ನಿಂತಾಗ ಶ್ರುತಿ ಕೂಡಿತು. ಕೂಡಲಿಯಲ್ಲಿ ತುಂಗೆ ಯಾವುದು, ಭದ್ರೆ ಯಾವುದು ಎಂದು ಬೇರೆ ಮಾಡಲಾಗದಂತೆ ಎರಡು ದನಿ ಒಂದಾಗಿರುತ್ತವೆ.

ದಿನಕ್ಕೆ ಇಪ್ಪತ್ತು ನಿಮಿಷ

ಭಾನುವಾರ ಒಂದೇ ದಿನ ಮೂರು ಗಂಟೆ ನುಡಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ನುಡಿಸುವುದು ಹೆಚ್ಚು ಫಲ ಕೊಡುತ್ತದೆ. ಹಂಚಿ ಕಲಿತದ್ದು ಒಟ್ಟಿಗೆ ಕಲಿತದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ನೆನಪಿನ ಪ್ರಯೋಗಗಳಿಂದ ತೋರಿಸಿದರು. ಪರೀಕ್ಷೆಯ ಓದಿಗೂ ಈ ಮಾತು ಸಲ್ಲುತ್ತದೆ. ಇಪ್ಪತ್ತು ನಿಮಿಷವನ್ನು ಹೀಗೆ ಹಂಚಿಕೊಳ್ಳಿ:

ಶ್ರುತಿ: 3 ನಿಮಿಷ.
ಒಂದೇ ತಂತಿಯಲ್ಲಿ ಸರಳೆ, ತಾಳದೊಡನೆ: 5 ನಿಮಿಷ.
ಕಾರ್ಡ್‌ನಿಂದ ಕಾರ್ಡ್‌ಗೆ ಬದಲಾವಣೆ: 7 ನಿಮಿಷ.
ನಿಮಗೆ ಇಷ್ಟವಾದ ಹಾಡು: 5 ನಿಮಿಷ.

ಕೊನೆಯದನ್ನು ಬಿಡಬೇಡಿ. ಹಾಡಿಗಾಗಿಯೇ ತಾನೆ ನಾವು ಇಷ್ಟೆಲ್ಲ ಪಡುವುದು?

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದೇ ಕಾರ್ಡ್. ಹೆಚ್ಚಿನವರು ಎಡವುವುದು ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗ. ಮೊದಲು ಇ ಮೈನರ್ ಕಲಿಯಿರಿ: ಐದನೆಯ ಮತ್ತು ನಾಲ್ಕನೆಯ ತಂತಿಗಳ ಎರಡನೆಯ ಫ್ರೆಟ್, ಎರಡೇ ಬೆರಳು. ನಂತರ ಎ ಮೈನರ್: ನಾಲ್ಕು ಮತ್ತು ಮೂರನೆಯ ತಂತಿಗಳ ಎರಡನೆಯ ಫ್ರೆಟ್, ಎರಡನೆಯ ತಂತಿಯ ಒಂದನೆಯ ಫ್ರೆಟ್. ಇದರಿಂದ ಸಿ ಮೇಜರ್‌ಗೆ ಹೋಗಲು ಒಂದೇ ಬೆರಳು ಚಲಿಸಿದರೆ ಸಾಕು. ಮೂರನೆಯ ತಂತಿಯಲ್ಲಿರುವ ಬೆರಳನ್ನು ಎತ್ತಿ ಐದನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿಡಿ. ಉಳಿದೆರಡು ಕೂತಲ್ಲೇ ಇರಲಿ. ಎಲ್ಲ ಬೆರಳನ್ನೂ ಎತ್ತಿ ಮತ್ತೆ ಇಡುವುದು ಹೊಸಬರ ಅಭ್ಯಾಸ. ಕೂತ ಬೆರಳನ್ನು ಕೂರಗೊಡುವುದು ಜಾಣರ ಅಭ್ಯಾಸ.

ಗಡಿಯಾರ ಇಟ್ಟುಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಸ್ವಚ್ಛವಾಗಿ ಬದಲಾಯಿಸಿದಿರಿ ಎಂದು ಎಣಿಸಿ, ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆಯಿರಿ. ಇಂದು ಎಂಟು, ಮುಂದಿನ ವಾರ ಹನ್ನೆರಡು ಆದೀತು. ಪ್ರಗತಿ ದಿನದಿನಕ್ಕೆ ಕಿವಿಗೆ ತಿಳಿಯುವುದಿಲ್ಲ. ಬರೆದಿಟ್ಟ ಅಂಕಿ ತೋರಿಸುತ್ತದೆ. ಪ್ರಯೋಗಶಾಲೆಯ ದಾಖಲೆ ಪುಸ್ತಕದ ಹಾಗೆ ಇದನ್ನು ಇಟ್ಟುಕೊಳ್ಳಿ. ಒಂದೇ ಬೆರಳಿನಿಂದ ಆರೂ ತಂತಿ ಅಡ್ಡ ಒತ್ತಬೇಕಾದ ಎಫ್ ಕಾರ್ಡನ್ನು ಮೊದಲ ಎರಡು ತಿಂಗಳು ಮುಟ್ಟಬೇಡಿ. ಬಹಳ ಜನ ಕೈಬಿಡುವುದು ಅಲ್ಲಿಯೇ.

ತಪ್ಪಿದ ಜಾಗದಲ್ಲಿ ಹಾಡನ್ನು ಮೊದಲಿನಿಂದ ಶುರುಮಾಡಬೇಡಿ. ತಪ್ಪಿದ ಎರಡು ಮಾತ್ರೆಗಳನ್ನೇ ಅರ್ಧ ವೇಗದಲ್ಲಿ ಹತ್ತು ಸಲ ನುಡಿಸಿ. ವೇಗವಾಗಿ ತಪ್ಪು ನುಡಿಸಿದರೆ ಕೈ ತಪ್ಪನ್ನೇ ಕಲಿಯುತ್ತದೆ.

ಮಲೆನಾಡಿನ ಮಳೆಗೆ

ಜೂನ್ ಬಂತೆಂದರೆ ಮರ ತೇವ ಹೀರಿ ಉಬ್ಬುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಗಳನ್ನು ಒರೆಸಿ. ಬೆವರಿನ ಉಪ್ಪೇ ತುಕ್ಕಿಗೆ ಆಹ್ವಾನ. ಮಳೆ ಹೊಡೆಯುವ ಗೋಡೆಗೆ ಗಿಟಾರ್ ಒರಗಿಸಬೇಡಿ, ಅಟ್ಟದ ಮೇಲೂ ಇಡಬೇಡಿ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಅಂಟು ಸಡಿಲವಾದೀತು.

ಗುರುಗಳೂ ಓದೂ

ಗಿಟಾರ್ ಕಲಿಸುವವರು ನಿಮ್ಮ ಬಡಾವಣೆಯಲ್ಲಿ ಸಿಗದಿದ್ದರೆ ಕೈಕಟ್ಟಿ ಕೂರಬೇಡಿ. ವೀಣೆ, ಪಿಟೀಲು, ಹಾಡುಗಾರಿಕೆ ಕಲಿಸುವ ಗುರುಗಳಲ್ಲಿ ಸ್ವರ, ತಾಳಗಳ ಜ್ಞಾನ ಪಡೆಯಿರಿ. ಕೈಯ ವಿಧಾನವನ್ನು ಅಂತರ್ಜಾಲದ ವಿಡಿಯೋ ಪಾಠಗಳನ್ನು ಅರ್ಧ ವೇಗದಲ್ಲಿ ಓಡಿಸಿ ನೋಡಿಕೊಳ್ಳಿ. ತಿಂಗಳಿಗೊಮ್ಮೆಯಾದರೂ ತಿಳಿದವರೆದುರು ನುಡಿಸಿ. ನಿಮ್ಮ ಕೂರುವಿಕೆಯ ದೋಷ ನಿಮಗೇ ಕಾಣುವುದಿಲ್ಲ.

"ಓದು ಹಾಳಾಗುತ್ತದೆ" ಎಂಬ ತಂದೆತಾಯಿಯರ ಅಂಜಿಕೆಯನ್ನು ಹಗುರವಾಗಿ ಕಾಣಬೇಡಿ. ಅವರಿಗೆ ಇಪ್ಪತ್ತು ನಿಮಿಷದ ಲೆಕ್ಕ ತೋರಿಸಿ, ಅದನ್ನು ಮೀರದೆ ನಡೆದುಕೊಳ್ಳಿ. ನಮ್ಮ ಜಿಲ್ಲೆಯ ನಗರದಲ್ಲಿ 1938ರಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ಹೆಸರನ್ನೂ ಹೇಳಿ. ಕಾನೂನು ಓದಿ ವಕೀಲರಾಗಿದ್ದ ಅವರು ಹಾಡುವುದನ್ನು ಬಿಡಲಿಲ್ಲ. "ಕಾಡು ಕುದುರೆ" ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಆ ಗೌರವ ಪಡೆದ ಮೊದಲ ಕನ್ನಡ ಹಿನ್ನೆಲೆ ಗಾಯಕರೆನಿಸಿದರು. ಓದು, ವೃತ್ತಿ, ಸಂಗೀತ ಒಂದೇ ಬಾಳಿನಲ್ಲಿ ಇರಬಲ್ಲವು.

ನೀವೆಲ್ಲರೂ ವೇದಿಕೆಯ ಕಲಾವಿದರಾಗಬೇಕಿಲ್ಲ. ಹಾಸ್ಟೆಲಿನ ಸಂಜೆಯಲ್ಲಿ ನಾಲ್ಕು ಗೆಳೆಯರು ಹಾಡುವಾಗ ಅವರ ಹಾಡಿಗೆ ನೆಲೆ ಕೊಡುವಷ್ಟು ಬಂದರೂ ಅದು ಬಾಳಿಗೆಲ್ಲ ಉಳಿಯುವ ಆಸ್ತಿ. ಹಾಡ್ತಾ ಹಾಡ್ತಾ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇಂದು ಸಂಜೆ ಗೋಡೆಯ ಮೇಲಿನ ಗಿಟಾರನ್ನು ಕೆಳಗಿಳಿಸಿ, ಧೂಳು ಒರೆಸಿ, ಶ್ರುತಿ ಮಾಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಂದಿನ ದಿನಾಂಕ ಬರೆಯಿರಿ. ಮೂರು ತಿಂಗಳ ನಂತರ ಅದೇ ಪುಟವನ್ನು ತೆರೆದು ನೋಡಿ. "ನನಗೆ ಒಲಿಯಲಿಲ್ಲ" ಎನ್ನಬೇಕೋ ಬೇಡವೋ ಎಂಬುದನ್ನು ಆಗ ತೀರ್ಮಾನಿಸಿ.