ಗೆರೆಯಲ್ಲದ ಅಡ್ಡಗೆರೆ

‘ವೆಬ್ ಪುಟದಲ್ಲಿ ಅಡ್ಡಗೆರೆ ಹಾಕಿದ್ದೆ. ದಪ್ಪ ಮಾಡೋಣವೆಂದು 20 ಪಿಕ್ಸೆಲ್ ಎತ್ತರ ಕೊಟ್ಟರೆ ಗೆರೆ ಹೋಗಿ ಖಾಲಿ ಪೆಟ್ಟಿಗೆ ಬಂತು. ಬ್ರೌಸರ್ ಕೆಟ್ಟಿದೆಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಕೆಟ್ಟಿಲ್ಲ ಸ್ವಾಮಿ. ತನ್ನ ಗುಟ್ಟನ್ನು ನಿಮ್ಮೆದುರು ಬಿಟ್ಟುಕೊಟ್ಟಿದೆ, ಅಷ್ಟೆ.

ಎಚ್‌ಟಿಎಂಎಲ್‌ನಲ್ಲಿ ‘ಎಚ್‌ಆರ್’ ಟ್ಯಾಗ್ ಬರೆದರೆ ಅಡ್ಡಗೆರೆ ಮೂಡುತ್ತದೆ, ಮುಚ್ಚುವ ಟ್ಯಾಗ್ ಬೇಕಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ತೆರೆಯ ಮೇಲೆ ಕಾಣುವುದು ಗೆರೆಯೇ ಅಲ್ಲ! ಒತ್ತಿ ಚಪ್ಪಟೆ ಮಾಡಿದ ಬೆಂಕಿಪೊಟ್ಟಣದಂತೆ ಎತ್ತರವೇ ಇಲ್ಲದ ಖಾಲಿ ಪೆಟ್ಟಿಗೆ ಅದು. ಒಳಗೆ ಏನೂ ಇಲ್ಲ, ಸುತ್ತ ಒಂದು ಪಿಕ್ಸೆಲ್‌ನ ಅಂಚಿದೆ. ಮೇಲಂಚಿಗೆ ಕೆಳಂಚು ಅಂಟಿಕೊಂಡಿರುವುದರಿಂದ ನಮಗದು ಗೆರೆ. ಇನ್ನೂ ಸೊಗಸೆಂದರೆ, ಮೇಲಂಚು ಕಡು ಬೂದು, ಕೆಳಂಚು ತಿಳಿ ಬೂದು. ಬೆಳಕು ಮೇಲಿನಿಂದಲೇ ಬೀಳುತ್ತದೆಂದು ನಂಬುವ ನಮ್ಮ ಕಣ್ಣಿಗೆ ಪುಟದಲ್ಲಿ ಸಣ್ಣ ಕಾಲುವೆ ಕೊರೆದಂತೆ ಭಾಸವಾಗುತ್ತದೆ. ಈ ಕಣ್ಕಟ್ಟು ಬೇಡವೆನ್ನುವವರಿಗಾಗಿ 1997ರ ಎಚ್‌ಟಿಎಂಎಲ್ 3.2ರಲ್ಲಿ ‘ನೋಶೇಡ್’ ಎಂಬ ಸೂಚನೆಯೂ ಇತ್ತು. ಈಗ ಆ ಕೆಲಸವೆಲ್ಲ ಸಿಎಸ್‌ಎಸ್‌ನದು. ನಿಮಗೆ ದಪ್ಪ ಗೆರೆ ಬೇಕೆಂದರೆ ಬಾರ್ಡರ್ ತೆಗೆದುಹಾಕಿ, ಎತ್ತರದ ಜತೆಗೆ ಹಿನ್ನೆಲೆ ಬಣ್ಣ ಕೊಡಿ. ಬಾರ್ಡರ್ ತೆಗೆದು ಉಳಿದೆರಡನ್ನು ಮರೆತರೆ ಗೆರೆಯೇ ಮಾಯ. ಅದಕ್ಕೆ ದೆವ್ವ ಕಾರಣವಲ್ಲ, ವೈರಸ್ಸೂ ಅಲ್ಲ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಒಂದಿದೆ: ಎಚ್‌ಆರ್ ಇರುವುದು ಅಲಂಕಾರಕ್ಕೆ ಎನ್ನುವುದು. 2014ರ ಎಚ್‌ಟಿಎಂಎಲ್5 ಅದಕ್ಕೆ ಬೇರೆಯದೇ ಕೆಲಸ ಹಚ್ಚಿದೆ. ‘ಇಲ್ಲಿಗೆ ಒಂದು ಮಾತು ಮುಗಿಯಿತು, ಮುಂದಿನದು ಬೇರೆ’ ಎಂದು ತಿಳಿಸುವುದು ಅದರ ಪಾಲಿನ ಕರ್ತವ್ಯ. ಕಾದಂಬರಿಯಲ್ಲಿ ಸನ್ನಿವೇಶ ಬದಲಾದಾಗ ನಡುವೆ ಮೂರು ನಕ್ಷತ್ರ ಹಾಕುತ್ತಾರಲ್ಲ, ಅದೇ ಕೆಲಸ. ಕಣ್ಣಿದ್ದವರಿಗೆ ವ್ಯತ್ಯಾಸ ಕಾಣದಿರಬಹುದು. ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ ಅದು ‘ಸೆಪರೇಟರ್’ ಎಂದು ಕೇಳಿಸುತ್ತದೆ. ಚಂದಕ್ಕೆಂದು ನೀವು ಪುಟದ ತುಂಬ ಹತ್ತು ಗೆರೆ ಎಳೆದರೆ ಅವರು ಹತ್ತು ಸಲ ಆ ಮಾತು ಕೇಳಬೇಕು. ಟ್ಯಾಗೇ ಬೇಡವೆಂದು ಸಾಲುದ್ದ ಹೈಫನ್ ಒತ್ತುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು, ಮೊಬೈಲಿನ ತೆರೆಯಲ್ಲಿ ಆ ಸಾಲು ಹಿಡಿಸುವುದಿಲ್ಲ.

2023ರಿಂದ ಕ್ರೋಮ್ ಮತ್ತು ಸಫಾರಿ ಬ್ರೌಸರ್‌ಗಳು ಡ್ರಾಪ್‌ಡೌನ್ ಪಟ್ಟಿಯೊಳಗೂ ಎಚ್‌ಆರ್‌ಗೆ ಜಾಗ ಕೊಟ್ಟಿವೆ. ಉದ್ದ ಪಟ್ಟಿಯನ್ನು ಗುಂಪು ಮಾಡಲು ಧಾರಾಳವಾಗಿ ಬಳಸಿ. ಶೀರ್ಷಿಕೆಯ ಕೆಳಗೆ ಬರಿಯ ಅಂದಕ್ಕೆ ಗೆರೆ ಬೇಕಿದ್ದರೆ ಮಾತ್ರ ದಯವಿಟ್ಟು ಶೀರ್ಷಿಕೆಗೇ ‘ಬಾರ್ಡರ್-ಬಾಟಮ್’ ಕೊಡಿ.